ಕಂಪ್ಯೂಟರ್ ಇಲ್ಲದೆಯೂ ಪ್ರೊಜೆಕ್ಟರ್ ಪಾಠ: ಸಂಘದಲ್ಲಿ ಮೆಮೊರಿ ಕಾರ್ಡಿನ ಬಳಕೆ



ಈ ಪತ್ರಿಕೆಯಲ್ಲಿ ಸಾಮಾನ್ಯವಾಗಿ ರಾಸುಗಳ ರೋಗ, ಮೇವು, ಹಾಲಿನ ಗುಣಮಟ್ಟ ಇವುಗಳ ಬಗ್ಗೆ ಬರೆಯುತ್ತೇವೆ. ಈ ಸಲದ ವಿಷಯ ಸ್ವಲ್ಪ ಬೇರೆ. ಆ ರೋಗ ಮತ್ತು ಮೇವಿನ ಮಾತನ್ನೇ ನಿಮ್ಮ ಸಂಘದ ಗೋಡೆಯ ಮೇಲೆ ಚಿತ್ರವಾಗಿ ತೋರಿಸುವುದು ಹೇಗೆ, ಅದಕ್ಕೆ ಕಂಪ್ಯೂಟರ್ ಏಕೆ ಬೇಕಿಲ್ಲ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇದರಿಂದ ದನಗಳಿಗೇನು ಲಾಭ ಎಂದು ಕೆಲವರು ಕೇಳಬಹುದು. ಲಾಭವಿದೆ. ಅದನ್ನು ನನಗೆ ಕಲಿಸಿಕೊಟ್ಟವರು ಒಬ್ಬ ಸದಸ್ಯೆ. ಆ ಸಂಗತಿಯಿಂದಲೇ ಪ್ರಾರಂಭಿಸುತ್ತೇನೆ.

ಕೆಟ್ಟುಹೋದ ಒಂದು ಸಭೆ

ಕೆಲವು ವರ್ಷಗಳ ಹಿಂದೆ ಮಹಿಳಾ ಸಂಘವೊಂದರಲ್ಲಿ ಕೆಚ್ಚಲು ಬಾವಿನ ಬಗ್ಗೆ ಸಚಿತ್ರ ಉಪನ್ಯಾಸ ಇಟ್ಟುಕೊಂಡಿದ್ದೆವು. ಸಂಜೆಯ ಹಾಲು ಕರೆಯುವ ಮೊದಲು ಮುಗಿಸಬೇಕೆಂದು ನಾಲ್ಕು ಗಂಟೆಗೆ ಕರೆದಿದ್ದೆವು. ನಲವತ್ತಕ್ಕೂ ಹೆಚ್ಚು ತಾಯಂದಿರು ಬಂದು ಕುಳಿತಿದ್ದರು. ನಾನು ಒಯ್ದ ಲ್ಯಾಪ್‌ಟಾಪು ಚಾಲೂ ಆಗಲೇ ಇಲ್ಲ. ಊರಿನ ಒಬ್ಬ ವಿದ್ಯಾರ್ಥಿ ತನ್ನ ಲ್ಯಾಪ್‌ಟಾಪು ತಂದುಕೊಟ್ಟ. ಅದರಲ್ಲಿ ನನ್ನ ಪೆನ್‌ಡ್ರೈವ್ ಹಾಕಿ ತೆರೆದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ನಾನು ನುಡಿ ತಂತ್ರಾಂಶದ ಅಕ್ಷರದಲ್ಲಿ ಬರೆದಿದ್ದೆ. ಆ ಹುಡುಗನ ಯಂತ್ರದಲ್ಲಿ ಆ ಅಕ್ಷರವಿರಲಿಲ್ಲ. ಅದನ್ನು ಸರಿಪಡಿಸುವಷ್ಟರಲ್ಲಿ ಕರೆಂಟು ಹೋಯಿತು. ಐದೂವರೆಗೆ ಒಬ್ಬ ತಾಯಿ ಎದ್ದು, “ಡಾಕ್ಟರ್ ಸಾಹೇಬ್ರ, ಹೊತ್ತಾತ್ರಿ, ಎಮ್ಮಿ ಹಿಂಡಬೇಕು” ಎಂದು ಹೊರಟರು. ಅವರ ಹಿಂದೆ ಉಳಿದವರೂ ಹೊರಟರು. ನಾನು ಬಾಯಿಮಾತಿನಲ್ಲಿ ಹೇಳಿದ ನಾಲ್ಕು ಮಾತು ಯಾರ ತಲೆಯಲ್ಲಿಯೂ ಉಳಿಯಲಿಲ್ಲ.

ಮೂರು ವಾರಗಳ ನಂತರ ಅದೇ ಊರಿನಿಂದ ಚಿಕಿತ್ಸೆಗೆ ಕರೆ ಬಂತು. ಮಿಶ್ರತಳಿ ಆಕಳಿಗೆ ಕೆಚ್ಚಲು ಬಾವು. ಹಾಲಿನಲ್ಲಿ ಚಿಕ್ಕ ಗರಣೆಗಳು ಬರಲು ಹತ್ತಿ ಐದಾರು ದಿನವಾಗಿತ್ತಂತೆ. ಹೊಸ ಮೇವಿಗೆ ಹಾಗಾಗಿರಬೇಕೆಂದು ಮನೆಯವರು ಸುಮ್ಮನಿದ್ದರು. ನಾನು ಹೋಗುವ ಹೊತ್ತಿಗೆ ಹಿಂದಿನ ಒಂದು ಮೊಲೆಯ ಭಾಗ ಕಲ್ಲಿನಂತಾಗಿತ್ತು. ಚಿಕಿತ್ಸೆಯಿಂದ ಆಕಳು ಉಳಿಯಿತು, ಆ ಮೊಲೆ ಉಳಿಯಲಿಲ್ಲ. ಆ ಮನೆಯ ತಾಯಿ ಅಂದು ಸಭೆಯಲ್ಲಿ ಮುಂದಿನ ಸಾಲಿನಲ್ಲಿಯೇ ಕುಳಿತಿದ್ದವರು. “ಅವತ್ತ ನೀವ ಆ ಚಿತ್ರ ತೋರಿಸಿದ್ರ ನನಗ ಗೊತ್ತಾಗ್ತಿತ್ತೇನ್ರಿ?” ಎಂದು ಕೇಳಿದರು. ಸಿಟ್ಟಿನಿಂದ ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಗೊತ್ತಾಗುತ್ತಿತ್ತು ಎಂಬುದೇ ಅದಕ್ಕೆ ಸರಿಯಾದ ಉತ್ತರ. ಗರಣೆ ಬಿದ್ದ ಹಾಲಿನ ಚಿತ್ರ ನನ್ನ ಪಾಠದಲ್ಲಿ ಮೂರನೆಯದಾಗಿತ್ತು.

ಅಂದಿನಿಂದ ನಾನು ಸಭೆಗೆ ಲ್ಯಾಪ್‌ಟಾಪು ಒಯ್ಯುವುದನ್ನು ಬಿಟ್ಟಿದ್ದೇನೆ. ಉಗುರಿನಷ್ಟು ಗಾತ್ರದ ಮೆಮೊರಿ ಕಾರ್ಡು ಸಾಕು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸಂಘಗಳಲ್ಲಿ ಈ ರೀತಿ ಪಾಠ ಮಾಡಿ ಕಂಡುಕೊಂಡ ಸಂಗತಿಗಳನ್ನು ಕೆಳಗೆ ಕ್ರಮವಾಗಿ ಕೊಟ್ಟಿದ್ದೇನೆ. ಸಂಘದ ಕಾರ್ಯದರ್ಶಿಗಳು, ಹಾಲು ಪರೀಕ್ಷಕರು, ಕೃತಕ ಗರ್ಭಧಾರಣೆ ಕಾರ್ಯಕರ್ತರು ಮತ್ತು ಶಾಲೆ ಕಲಿತ ನಿಮ್ಮ ಮಕ್ಕಳು ಇದನ್ನು ಸುಲಭವಾಗಿ ಮಾಡಬಲ್ಲರು.

ಹೈನುಗಾರರಿಗೆ ಚಿತ್ರ ತೋರಿಸುವ ಪದ್ಧತಿ ಹೊಸದಲ್ಲ

ಕ್ಷೀರಕ್ರಾಂತಿಯ ಕಾಲದಿಂದಲೂ ಹಾಲು ಸಹಕಾರ ಸಂಘಗಳಿಗೂ ಚಿತ್ರಕ್ಕೂ ನಂಟಿದೆ. 1976ರಲ್ಲಿ ಬಂದ ‘ಮಂಥನ್’ ಎಂಬ ಹಿಂದಿ ಚಲನಚಿತ್ರವನ್ನು ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟು ಮಾಡಿಸಿದರು. ನಿರ್ದೇಶಕರು ಶ್ಯಾಮ ಬೆನೆಗಲ್. ಹಳ್ಳಿಗೆ ಬಂದು ಸಂಘ ಕಟ್ಟುವ ಪಶುವೈದ್ಯನ ಪಾತ್ರ ಮಾಡಿದವರು ನಮ್ಮ ಗಿರೀಶ ಕಾರ್ನಾಡರು. ಅದಕ್ಕೂ ಒಂದು ವರ್ಷ ಮೊದಲು, 1975ರ ಆಗಸ್ಟಿನಿಂದ 1976ರ ಜುಲೈವರೆಗೆ, ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತೋರಿಸುವ ಪ್ರಯೋಗ ದೇಶದ 6 ರಾಜ್ಯಗಳಲ್ಲಿ ನಡೆಯಿತು. ಕರ್ನಾಟಕದಲ್ಲಿ ಅದು ನಮ್ಮ ನೆರೆಯ ವಿಜಾಪುರ ಜಿಲ್ಲೆಯಲ್ಲಿಯೂ, ಕಲಬುರ್ಗಿ, ರಾಯಚೂರು ಜಿಲ್ಲೆಗಳಲ್ಲಿಯೂ ಇತ್ತು.

ಆಗ ಚಿತ್ರ ತೋರಿಸಲು ಜೀಪು, ದೊಡ್ಡ ಯಂತ್ರ, ಅದನ್ನು ನಡೆಸುವ ನುರಿತ ವ್ಯಕ್ತಿ ಇವೆಲ್ಲ ಬೇಕಾಗುತ್ತಿದ್ದವು. ಆಮೇಲೆ ಬಂದ ಕಂಪ್ಯೂಟರು ಯಂತ್ರವನ್ನು ಚಿಕ್ಕದು ಮಾಡಿತು, ಆದರೆ ನುರಿತ ವ್ಯಕ್ತಿಯ ಅವಲಂಬನೆ ತಪ್ಪಲಿಲ್ಲ. ಮೆಮೊರಿ ಕಾರ್ಡಿನಿಂದ ಅದು ಬಹುಮಟ್ಟಿಗೆ ತಪ್ಪುತ್ತದೆ. ಇದೇ ಅದರ ಮುಖ್ಯ ಪ್ರಯೋಜನ.

ಪ್ರೊಜೆಕ್ಟರು ಏನನ್ನು ಓದುತ್ತದೆ?

ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಕಂಪ್ಯೂಟರಿನಲ್ಲಿ ತಯಾರಿಸಿದ ಪ್ರೆಸೆಂಟೇಶನ್ ಕಡತವು, ಅಂದರೆ ಪವರ್‌ಪಾಯಿಂಟ್ ಕಡತವು, ನಿಜವಾಗಿ ಒಂದು ಚಿತ್ರವಲ್ಲ. ಈ ಅಕ್ಷರವನ್ನು ಇಲ್ಲಿಡು, ಈ ಫೋಟೋವನ್ನು ಅಲ್ಲಿಡು ಎಂಬ ಸೂಚನೆಗಳ ಪಟ್ಟಿ. ಗೋಕಾಕದ ಕರದಂಟಿನ ಉದಾಹರಣೆ ತೆಗೆದುಕೊಳ್ಳಿ. ಅಂಟು, ಬೆಲ್ಲ, ಕೊಬ್ಬರಿ, ಒಣಹಣ್ಣು ಎಂದು ಬರೆದ ಚೀಟಿಯೇ ಬೇರೆ, ಕಟ್ಟಿಕೊಟ್ಟ ಕರದಂಟೇ ಬೇರೆ. ಚೀಟಿ ಕೊಟ್ಟರೆ ಅಡುಗೆ ಬಲ್ಲವರು ಬೇಕು, ಸಾಮಾನೂ ಬೇಕು. ಕರದಂಟು ಕೊಟ್ಟರೆ ಯಾರಾದರೂ ತಿನ್ನಬಹುದು.

ಕಂಪ್ಯೂಟರು ಅಡುಗೆ ಬಲ್ಲದ್ದು. ಪ್ರೊಜೆಕ್ಟರಿನೊಳಗಿನ ಚಿಕ್ಕ ಯಂತ್ರಕ್ಕೆ ಸಾಮಾನ್ಯವಾಗಿ ಅಡುಗೆ ಬರುವುದಿಲ್ಲ. ಅದಕ್ಕೆ ಸಿದ್ಧಪಡಿಸಿದ ಚಿತ್ರವನ್ನೇ ಕೊಡಬೇಕು. ಅಂಥ ಸಿದ್ಧ ಚಿತ್ರದ ಕಡತಕ್ಕೆ ಜೆಪೆಗ್ ಎನ್ನುತ್ತಾರೆ. ನಿಮ್ಮ ಮೊಬೈಲು ತೆಗೆಯುವ ಫೋಟೋ ಹೆಚ್ಚಾಗಿ ಇದೇ ಜಾತಿಯದು. ಪ್ರತಿಯೊಂದು ಸ್ಲೈಡನ್ನೂ ಹೀಗೆ ಚಿತ್ರವಾಗಿ ಮಾಡಿ ಕಾರ್ಡಿನಲ್ಲಿ ಹಾಕಿದರೆ ಪ್ರೊಜೆಕ್ಟರು ಅವುಗಳನ್ನು ಒಂದರ ಹಿಂದೊಂದು ತೋರಿಸುತ್ತದೆ.

ಇದರಿಂದ ನಮಗೆ ಇನ್ನೊಂದು ದೊಡ್ಡ ಲಾಭವಿದೆ. ಚಿತ್ರವಾದ ಮೇಲೆ ಅಕ್ಷರವೂ ಚಿತ್ರದ ಒಂದು ಭಾಗವೇ. ನುಡಿ, ಬರಹ, ಯೂನಿಕೋಡ್ ಯಾವುದರಲ್ಲಿ ಬರೆದಿದ್ದರೂ ಕನ್ನಡವು ಕನ್ನಡವಾಗಿಯೇ ಕಾಣುತ್ತದೆ.

ಬೇಕಾಗುವ ಸಾಮಾನುಗಳು

1. ಪ್ರೊಜೆಕ್ಟರು. ಅದರ ಹಿಂಬದಿಯಲ್ಲಿ ಪೆನ್‌ಡ್ರೈವ್ ಹಾಕುವ ಚಪ್ಪಟೆ ಯುಎಸ್‌ಬಿ ಕಿಂಡಿ ಇರಬೇಕು. ಚೌಕಾಕಾರದ ಕಿಂಡಿ ಕಂಪ್ಯೂಟರಿಗೆ ಜೋಡಿಸಲು ಇರುವುದು, ಅದು ಕೆಲಸಕ್ಕೆ ಬಾರದು. ಕೆಲವು ಮಾದರಿಗಳಲ್ಲಿ ಚಪ್ಪಟೆ ಕಿಂಡಿ ಇದ್ದರೂ ಅದು ದುರಸ್ತಿಗೆ ಅಥವಾ ವಿದ್ಯುತ್ ಕೊಡುವುದಕ್ಕೆ ಮಾತ್ರ ಇರುತ್ತದೆ. ಆದ್ದರಿಂದ ಕೊಳ್ಳುವ ಅಥವಾ ಬಾಡಿಗೆಗೆ ತರುವ ಮೊದಲು ನಿಮ್ಮದೇ ಕಾರ್ಡು ಹಾಕಿ ಚಿತ್ರ ಮೂಡಿಸಿ ನೋಡಬೇಕು.

2. ಮೆಮೊರಿ ಕಾರ್ಡು ಮತ್ತು ಕಾರ್ಡ್ ರೀಡರ್. ಕೆಲವೇ ಪ್ರೊಜೆಕ್ಟರುಗಳಲ್ಲಿ ಕಾರ್ಡಿನ ಕಿಂಡಿ ನೇರವಾಗಿ ಇರುತ್ತದೆ. ಇಲ್ಲದಿದ್ದರೆ ಕಾರ್ಡನ್ನು ಚಿಕ್ಕ ರೀಡರಿನಲ್ಲಿ ಕೂಡ್ರಿಸಿ ಯುಎಸ್‌ಬಿ ಕಿಂಡಿಗೆ ಹಾಕಬೇಕು. ಆಗ ಅದು ಪೆನ್‌ಡ್ರೈವಿನಂತೆಯೇ ಕೆಲಸ ಮಾಡುತ್ತದೆ. ಕಾರ್ಡು 32 ಜಿಬಿ ಅಥವಾ ಅದಕ್ಕಿಂತ ಕಡಿಮೆ ಇರಲಿ. ಅದಕ್ಕಿಂತ ದೊಡ್ಡ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆಯಲ್ಲಿ ಬರುತ್ತವೆ. ಹಳೆಯ ಪ್ರೊಜೆಕ್ಟರುಗಳಿಗೆ ಅದು ತಿಳಿಯುವುದಿಲ್ಲ, ಫ್ಯಾಟ್-32 ವ್ಯವಸ್ಥೆ ಮಾತ್ರ ತಿಳಿಯುತ್ತದೆ. ಹದಿನೈದು ಚಿತ್ರಗಳಿಗೆ 4 ಜಿಬಿ ಕಾರ್ಡೇ ಧಾರಾಳವಾಯಿತು. ಕಾರ್ಡನ್ನು ಫಾರ್ಮ್ಯಾಟ್ ಮಾಡಿದರೆ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದನ್ನು ಮರೆಯಬಾರದು.

3. ಪರದೆ. ಸುಣ್ಣ ಬಳಿದ ಗೋಡೆ ಅಥವಾ ಸುಕ್ಕಿಲ್ಲದೆ ಬಿಗಿಯಾಗಿ ಕಟ್ಟಿದ ಬಿಳಿ ಧೋತರ ಸಾಕು.

4. ವಿದ್ಯುತ್ತಿನ ವಿಸ್ತರಣೆ ತಂತಿ ಅಂದರೆ ಎಕ್ಸ್‌ಟೆನ್ಶನ್ ಬೋರ್ಡು, ಪ್ರೊಜೆಕ್ಟರಿನ ರಿಮೋಟು, ರಿಮೋಟಿಗೆ ಹೊಸ ಸೆಲ್ಲು. ಸೆಲ್ಲು ತೀರಿ ಸಭೆ ನಿಂತದ್ದನ್ನೂ ನಾನು ಕಂಡಿದ್ದೇನೆ.

ಚಿತ್ರಗಳನ್ನು ತಯಾರಿಸುವ ಕ್ರಮ

ಕಂಪ್ಯೂಟರಿನ ಕೆಲಸ ಇರುವುದು ಇಲ್ಲಿ ಮಾತ್ರ, ಅದೂ ಒಂದೇ ಸಲ. ಶಿಬಿರ ಕಚೇರಿಯಲ್ಲಿಯೋ, ಶಾಲೆಯಲ್ಲಿಯೋ, ಮಕ್ಕಳ ಬಳಿಯೋ ಇರುವ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬಹುದು.

1. ಪವರ್‌ಪಾಯಿಂಟಿನಲ್ಲಿ ಸ್ಲೈಡುಗಳನ್ನು ತಯಾರಿಸಿದ ನಂತರ ‘ಸೇವ್ ಆ್ಯಸ್’ ಒತ್ತಿ ಕಡತದ ಜಾತಿಯನ್ನು ಜೆಪೆಗ್ ಎಂದು ಆರಿಸಬೇಕು. ಎಲ್ಲ ಸ್ಲೈಡುಗಳೋ ಅಥವಾ ಇದೊಂದೇ ಸ್ಲೈಡೋ ಎಂದು ಯಂತ್ರ ಕೇಳುತ್ತದೆ. ಎಲ್ಲವೂ ಎಂದು ಉತ್ತರಿಸಿದರೆ ಒಂದು ಫೋಲ್ಡರಿನಲ್ಲಿ ಎಲ್ಲ ಚಿತ್ರಗಳೂ ಸಿದ್ಧವಾಗುತ್ತವೆ. ಮೂಲ ಕಡತ ಹಾಗೆಯೇ ಉಳಿಯುತ್ತದೆ.

2. ಹೀಗೆ ಬಂದ ಚಿತ್ರಗಳಿಗೆ ಸ್ಲೈಡ್ 1, ಸ್ಲೈಡ್ 2 ಎಂದು ಹೆಸರಿರುತ್ತದೆ. ಇಲ್ಲೊಂದು ತೊಡಕಿದೆ. ಅನೇಕ ಪ್ರೊಜೆಕ್ಟರುಗಳು ಹೆಸರನ್ನು ಅಕ್ಷರ ಅಕ್ಷರವಾಗಿ ಓದುವುದರಿಂದ 1ರ ನಂತರ 10, 11, 12 ತೋರಿಸಿ ಆಮೇಲೆ 2ಕ್ಕೆ ಬರುತ್ತವೆ. ರೋಗದ ಲಕ್ಷಣ ತೋರಿಸುವ ಮೊದಲೇ ಚಿಕಿತ್ಸೆ ಬಂದುಬಿಡುತ್ತದೆ. ಆದ್ದರಿಂದ ಹೆಸರುಗಳನ್ನು 01, 02, 03 ಎಂದು ಎರಡು ಅಂಕಿಗಳಲ್ಲಿ ಬದಲಿಸಿಕೊಳ್ಳಬೇಕು.

3. ಸ್ಲೈಡಿನಲ್ಲಿ ಅಕ್ಷರ ಹಾರಿ ಬರುವಂತೆ, ಒಂದೊಂದೇ ಸಾಲು ಮೂಡುವಂತೆ ಮಾಡಿದ್ದರೆ ಅದು ಚಿತ್ರದಲ್ಲಿ ಉಳಿಯುವುದಿಲ್ಲ. ಮೊದಲು ಪ್ರಶ್ನೆ, ಆಮೇಲೆ ಉತ್ತರ ತೋರಿಸಬೇಕಾದರೆ ಎರಡು ಬೇರೆ ಸ್ಲೈಡು ಮಾಡಿರಿ.

4. ಒಂದು ವಿಷಯಕ್ಕೆ ಒಂದು ಫೋಲ್ಡರ್ ಇರಲಿ. ಕೆಚ್ಚಲು ಬಾವು, ಲಸಿಕೆ, ಕರುಗಳ ಪಾಲನೆ, ರಸಮೇವು ಎಂದು ಪ್ರತ್ಯೇಕ ಇಟ್ಟರೆ ಹುಡುಕಾಟ ತಪ್ಪುತ್ತದೆ. ಫೋಲ್ಡರಿನ ಹೆಸರನ್ನು ಇಂಗ್ಲಿಷ್ ಅಕ್ಷರ ಅಥವಾ ಅಂಕಿಯಲ್ಲಿ ಇಡುವುದು ಲೇಸು. ಕೆಲವು ಪ್ರೊಜೆಕ್ಟರುಗಳಿಗೆ ಕನ್ನಡದ ಹೆಸರು ಓದಲು ಬರುವುದಿಲ್ಲ.

5. ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನೂ ಕಾರ್ಡಿಗೆ ಹಾಕಬಹುದು. ಮೊಬೈಲನ್ನು ಅಡ್ಡ ಹಿಡಿದು ತೆಗೆದ ಫೋಟೋ ಒಳ್ಳೆಯದು. ನೆಟ್ಟಗೆ ಹಿಡಿದು ತೆಗೆದದ್ದು ಕೆಲವು ಪ್ರೊಜೆಕ್ಟರುಗಳಲ್ಲಿ ಮಗ್ಗುಲಾಗಿ ಬಿದ್ದಂತೆ ಕಾಣುತ್ತದೆ.

6. ವಿಡಿಯೋ ತೋರಿಸುವುದಿದ್ದರೆ ಎಂಪಿ-4 ಜಾತಿಯದು ಬಹಳಷ್ಟು ಹೊಸ ಪ್ರೊಜೆಕ್ಟರುಗಳಲ್ಲಿ ಓಡುತ್ತದೆ. ಹಳೆಯವುಗಳಲ್ಲಿ ಓಡದೆಯೂ ಇರಬಹುದು, ಮೊದಲೇ ಪರೀಕ್ಷಿಸಿರಿ. ಫ್ಯಾಟ್-32 ಕಾರ್ಡಿನಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಕಡತ ಹಿಡಿಸುವುದಿಲ್ಲ. ಎರಡು ಮೂರು ನಿಮಿಷದ ಚಿಕ್ಕ ತುಣುಕುಗಳೇ ಸಾಕು. ಪ್ರೊಜೆಕ್ಟರಿನ ಒಳಗಿನ ಸ್ಪೀಕರಿನ ಧ್ವನಿ ಬಹಳ ಸಣ್ಣದು. ಸಂಘದ ಧ್ವನಿವರ್ಧಕಕ್ಕೆ ತಂತಿ ಜೋಡಿಸಿಕೊಳ್ಳಬೇಕು.

ಅಕ್ಷರ ಕಡಿಮೆ, ಚಿತ್ರ ದೊಡ್ಡದು

ಒಂದು ಸ್ಲೈಡಿಗೆ ಒಂದೇ ಚಿತ್ರ, ಕೆಳಗೆ ಒಂದು ಅಥವಾ ಎರಡು ಸಾಲು ಬರಹ ಇರಲಿ. ನಮ್ಮ ಸಭೆಗೆ ಬರುವ ಅನೇಕ ಹಿರಿಯರಿಗೆ ಓದು ಬರುವುದಿಲ್ಲ. ಬಂದರೂ ಸಂಜೆಯ ಹೊತ್ತಿಗೆ ಕಣ್ಣು ಮಂಜು. ಅಕ್ಷರದ ಗಾತ್ರ 36ಕ್ಕಿಂತ ಕಡಿಮೆ ಇರಬಾರದು. ಪರೀಕ್ಷಿಸಲು ಸುಲಭ ಉಪಾಯವಿದೆ. ಸ್ಲೈಡಿನ ಚಿತ್ರವನ್ನು ಮೊಬೈಲಿನಲ್ಲಿ ತೆರೆದು, ಮೊಬೈಲು ಅಡ್ಡ ಮಾಡಿ, ಕೈ ಪೂರ್ತಿ ಚಾಚಿ ಹಿಡಿಯಿರಿ. ಆಗ ಓದಲು ಬಂದರೆ, 6 ಅಡಿ ಅಗಲದ ಪರದೆಯಲ್ಲಿ 25 ಅಡಿ ದೂರ ಕುಳಿತವರಿಗೂ ಓದಲು ಬರುತ್ತದೆ.

ಚಿತ್ರಗಳು ನಮ್ಮ ಭಾಗದ ದನಗಳವೇ ಆಗಿದ್ದರೆ ಉತ್ತಮ. ಬೇರೆ ದೇಶದ ದೊಡ್ಡ ಗೋಶಾಲೆಯ ಚಿತ್ರ ತೋರಿಸಿದರೆ, ಇದು ನಮಗಲ್ಲ ಎಂದು ಜನ ಮನಸ್ಸಿನಲ್ಲಿಯೇ ಬಾಗಿಲು ಮುಚ್ಚಿಕೊಳ್ಳುತ್ತಾರೆ. ತಮ್ಮೂರಿನ ಮುರ್ರಾ ಎಮ್ಮೆ, ತಮ್ಮಂಥದೇ ಗೋದಲಿ, ತಾವು ಹಾಕುವ ಕಣಿಕೆ ಕಂಡರೆ ಮುಂದಕ್ಕೆ ಸರಿದು ಕೂಡುತ್ತಾರೆ. ಯಾರದೇ ದನದ ಫೋಟೋ ತೆಗೆಯುವಾಗ ಮನೆಯವರ ಒಪ್ಪಿಗೆ ಕೇಳಬೇಕು. ರೋಗ ಬಂದ ದನದ ಫೋಟೋದಲ್ಲಿ ಮನೆಯಾಗಲಿ, ಮನೆಯವರಾಗಲಿ ಕಾಣಬಾರದು. ಊರಿನ ಎದುರು ಯಾರಿಗೂ ಅವಮಾನವಾಗಬಾರದು.

ಕೆಚ್ಚಲು ಬಾವಿನ ಪಾಠ: ಹನ್ನೆರಡು ಚಿತ್ರಗಳು

ಮಾದರಿಗಾಗಿ ನಾನು ಬಳಸುವ ಕ್ರಮವನ್ನು ಕೊಡುತ್ತೇನೆ.

01. ಆರೋಗ್ಯವಂತ ಕೆಚ್ಚಲು.
02. ಒಂದು ಭಾಗ ಬಾತು ಕೆಂಪಾದ ಕೆಚ್ಚಲು.
03. ಕಪ್ಪು ಬಟ್ಟೆ ಅಥವಾ ಕಪ್ಪು ತಟ್ಟೆಯ ಮೇಲೆ ಹಿಂಡಿದ ಮೊದಲ ಹಾಲು, ಅದರಲ್ಲಿ ಗರಣೆ.
04. ಹೊರಗೆ ಏನೂ ಕಾಣದ ಕೆಚ್ಚಲು, ಪಕ್ಕದಲ್ಲಿ ಕಡಿಮೆಯಾದ ಹಾಲಿನ ಪಾತ್ರೆ. ಗುಪ್ತ ಕೆಚ್ಚಲು ಬಾವು ಹೀಗೆಯೇ ಇರುತ್ತದೆ.
05. ನಾಲ್ಕು ಬಟ್ಟಲಿನ ಹಲಗೆಯಲ್ಲಿ ಹಾಲು ಮತ್ತು ಪರೀಕ್ಷಾ ದ್ರಾವಣ ಬೆರೆಸಿದಾಗ ಲೋಳೆಯಂತೆ ಗಟ್ಟಿಯಾದ ಹಾಲು.
06. ಕೆಚ್ಚಲು ತೊಳೆದು ಒಣ ಬಟ್ಟೆಯಿಂದ ಒರೆಸುವುದು. ದನಕ್ಕೊಂದು ಬೇರೆ ಬಟ್ಟೆ.
07. ಹೆಬ್ಬೆರಳು ಮಡಚಿ ಹಿಂಡುವುದು: ತಪ್ಪು.
08. ಪೂರ್ಣ ಮುಷ್ಟಿಯಿಂದ ಹಿಂಡುವುದು: ಸರಿ.
09. ಹಿಂಡಿದ ನಂತರ ಮೊಲೆತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು.
10. ಗೋದಲಿಯಲ್ಲಿ ಮೇವು ತಿನ್ನುತ್ತ ನಿಂತ ಆಕಳು. ಹಿಂಡಿದ ನಂತರ ಅರ್ಧ ಗಂಟೆ ಮೊಲೆಯ ರಂಧ್ರ ತೆರೆದಿರುವುದರಿಂದ ದನ ಮಲಗಬಾರದು.
11. ಒಣಗಿದ ಸ್ವಚ್ಛ ನೆಲ ಮತ್ತು ಕೆಸರಿನ ನೆಲ, ಅಕ್ಕಪಕ್ಕದಲ್ಲಿ.
12. ಚಿಕಿತ್ಸೆಯಲ್ಲಿರುವ ಆಕಳಿನ ಹಾಲು ಸಂಘಕ್ಕೆ ಹಾಕಬಾರದು ಎಂಬ ಚಿತ್ರ. ಎಷ್ಟು ದಿನ ಎಂಬುದನ್ನು ಚಿಕಿತ್ಸೆ ಮಾಡಿದ ವೈದ್ಯರೇ ಹೇಳಬೇಕು, ಔಷಧಿಯಿಂದ ಔಷಧಿಗೆ ಅದು ಬೇರೆಯಾಗುತ್ತದೆ.

ಇದೇ ರೀತಿ ಲಸಿಕೆಯ ಪಾಠವನ್ನೂ ಮಾಡಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರಕ್ಕೆ 6 ತಿಂಗಳಿಗೊಮ್ಮೆ ಲಸಿಕೆ ಹಾಗೂ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಕಂದು ರೋಗದ ಅಂದರೆ ಬ್ರುಸೆಲ್ಲಾ ಲಸಿಕೆ ಇದೆ. 12 ಅಂಕಿಯ ಕಿವಿಯೋಲೆ ಏಕೆ ಬೇಕು ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ ಚಿತ್ರದಲ್ಲಿ ತೋರಿಸುವುದು ಸುಲಭ. 2022ರಲ್ಲಿ ನಮ್ಮ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿದಾಗ, ಕೀಟ ಕಚ್ಚಿದ ಗಂಟು ಯಾವುದು, ರೋಗದ ಗಂಟು ಯಾವುದು ಎಂದು ತಿಳಿಯದೆ ಜನ ಕಂಗಾಲಾದರು. ಅಂಥ ಸಮಯದಲ್ಲಿ ವೈದ್ಯರು ಬರುವವರೆಗೆ ಕಾಯದೆ ಸಂಘದಲ್ಲಿ ಅದೇ ದಿನ ಚಿತ್ರ ತೋರಿಸುವಂತಿದ್ದರೆ, ಯಾವ ದನವನ್ನು ಬೇರೆ ಕಟ್ಟಬೇಕು ಎಂಬುದಾದರೂ ಬೇಗ ಗೊತ್ತಾಗುತ್ತದೆ.

ಸಭೆಯ ದಿನ

ವಿದ್ಯುತ್ತಿನ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಗೋಕಾಕ, ಮೂಡಲಗಿ ಕಡೆಯವರು ಹೆಸ್ಕಾಂ ಶಾಖೆಯಲ್ಲಿ ಕೇಳಿದರೆ ತಿಳಿಯುತ್ತದೆ. ಹುಕ್ಕೇರಿ ತಾಲ್ಲೂಕಿನ ಹಳ್ಳಿಗಳಿಗೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವೇ ವಿದ್ಯುತ್ ಕೊಡುತ್ತದೆ. ಅಲ್ಲಿಯವರು ಹಾಲಿಗೂ ಕರೆಂಟಿಗೂ ಸಹಕಾರಿ ಸದಸ್ಯರೇ, ಕೇಳಲು ಸಂಕೋಚವೇಕೆ?

ಕರೆಂಟು ಹೋದರೂ ಸಭೆ ನಿಲ್ಲಬೇಕಿಲ್ಲ. ಸಾಮಾನ್ಯ ಪ್ರೊಜೆಕ್ಟರಿಗೆ 250ರಿಂದ 300 ವ್ಯಾಟ್ ಬೇಕು. 12 ವೋಲ್ಟಿನ 150 ಎಎಚ್ ಬ್ಯಾಟರಿ ಇರುವ ಇನ್ವರ್ಟರು ಒಳ್ಳೆಯ ಸ್ಥಿತಿಯಲ್ಲಿದ್ದರೆ ಒಂದು ಗಂಟೆಯ ಸಭೆಯನ್ನು ನಿಶ್ಚಿಂತೆಯಿಂದ ನಡೆಸುತ್ತದೆ. ಆದರೆ ಹಾಲು ಅಳೆಯುವ ಯಂತ್ರವೂ ಅದೇ ಬ್ಯಾಟರಿಯ ಮೇಲಿದ್ದರೆ ಸಂಜೆಯ ಸಂಗ್ರಹಣೆಗೆ ತೊಂದರೆಯಾಗದಂತೆ ಕಾರ್ಯದರ್ಶಿಗಳು ಮೊದಲೇ ಲೆಕ್ಕ ಹಾಕಬೇಕು. ದೀಪದ ಪ್ರೊಜೆಕ್ಟರು ಕರೆಂಟು ಹೋಗಿ ಆರಿದರೆ ಕೂಡಲೇ ಚಾಲೂ ಮಾಡಬಾರದು. ದೀಪ ಆರುವವರೆಗೆ ಕೆಲವು ನಿಮಿಷ ಬಿಡಬೇಕು. ಸಭೆ ಮುಗಿದ ಮೇಲೆಯೂ ಒಳಗಿನ ಪಂಖ ನಿಲ್ಲುವವರೆಗೆ ತಂತಿ ಕೀಳಬಾರದು.

ಪ್ರೊಜೆಕ್ಟರನ್ನು ಗೋಡೆಯಿಂದ 9–10 ಅಡಿ ದೂರದಲ್ಲಿಟ್ಟರೆ ಬಹುತೇಕ ಮಾದರಿಗಳಲ್ಲಿ 6 ಅಡಿ ಅಗಲದ ಚಿತ್ರ ಬರುತ್ತದೆ. ಕಿಟಕಿಗಳಿಗೆ ಗೋಣಿಚೀಲ ಅಥವಾ ಕಂಬಳಿ ಕಟ್ಟಿರಿ. ಕಾರ್ಡು ಹಾಕಿ, ರಿಮೋಟಿನಲ್ಲಿ ಮೂಲ ಆರಿಸುವ ಗುಂಡಿ ಒತ್ತಿ ಯುಎಸ್‌ಬಿ ಎಂದು ಆರಿಸಿದರೆ ಫೋಲ್ಡರುಗಳು ಕಾಣುತ್ತವೆ. ಬೇಕಾದುದನ್ನು ತೆರೆದು ಮೊದಲನೆಯ ಚಿತ್ರ ಒತ್ತಿದರೆ ಸಾಕು. ತಾನಾಗಿಯೇ ಬದಲಾಗುವ ವ್ಯವಸ್ಥೆ ಚಾಲೂ ಇದ್ದರೆ ಅದನ್ನು ನಿಲ್ಲಿಸಿ, ಬಾಣದ ಗುಂಡಿಯಿಂದ ನೀವೇ ಮುಂದೆ ಸರಿಸಿರಿ. ಜನ ಬರುವ ಅರ್ಧ ಗಂಟೆ ಮೊದಲೇ ಇದನ್ನೆಲ್ಲ ಒಮ್ಮೆ ಮಾಡಿ ನೋಡಬೇಕು.

ಕಾರ್ಡಿನ ಬಗೆಗೂ ಎರಡು ಮಾತು. ಎಲ್ಲ ಕಂಪ್ಯೂಟರುಗಳಿಗೂ ಅದನ್ನು ಹಾಕುತ್ತ ಹೋದರೆ ವೈರಸ್ ತಗಲುತ್ತದೆ. ದನಕ್ಕೆ ಹೇಗೋ ಇದಕ್ಕೂ ಹಾಗೆಯೇ, ಬೇರೆ ಕಟ್ಟುವುದೇ ಮದ್ದು. ಪಾಠದ ಕಾರ್ಡನ್ನು ಬೇರೆ ಕೆಲಸಕ್ಕೆ ಬಳಸಬೇಡಿರಿ. ದೊಡ್ಡ ಕಾರ್ಡಿನ ಮಗ್ಗುಲಿನಲ್ಲಿ ಚಿಕ್ಕ ಚಿಲಕವಿರುತ್ತದೆ. ಅದನ್ನು ಕೆಳಗೆ ಸರಿಸಿದರೆ ಸಾಮಾನ್ಯವಾಗಿ ಒಳಗಿನದನ್ನು ಅಳಿಸಲು ಬರುವುದಿಲ್ಲ. ಅದೇ ಚಿತ್ರಗಳ ಇನ್ನೊಂದು ಪ್ರತಿ ಒಂದು ಪೆನ್‌ಡ್ರೈವಿನಲ್ಲಿ ಕಿಸೆಯಲ್ಲಿರಲಿ.

ಪ್ರೊಜೆಕ್ಟರು ಸಿಗದಿದ್ದರೆ

ಯುಎಸ್‌ಬಿ ಕಿಂಡಿ ಇರುವ ಟಿವಿಯಲ್ಲಿಯೂ ಇದೇ ಕಾರ್ಡು ನಡೆಯುತ್ತದೆ. 32 ಇಂಚಿನ ಟಿವಿಯ ಎದುರು 15–20 ಜನ ಕುಳಿತು ನೋಡಬಹುದು. ಚಿಕ್ಕ ಗುಂಪಿನಲ್ಲಿ ತಾಯಂದಿರು ಹೆಚ್ಚು ಪ್ರಶ್ನೆ ಕೇಳುತ್ತಾರೆ ಎಂಬುದು ನನ್ನ ಅನುಭವ. ಇನ್ನು, ಅಗ್ಗದ ಚಿಕ್ಕ ಎಲ್‌ಇಡಿ ಪ್ರೊಜೆಕ್ಟರುಗಳ ಪೆಟ್ಟಿಗೆಯ ಮೇಲೆ ಬರೆದ ಬೆಳಕಿನ ಅಂಕಿಯನ್ನು ಪೂರ್ತಿ ನಂಬಬೇಡಿರಿ. ಕತ್ತಲೆಯಲ್ಲಿ ಅವು ಚೆನ್ನಾಗಿ ಕಂಡರೂ ಸಂಜೆ ನಾಲ್ಕರ ಬೆಳಕಿನಲ್ಲಿ ಮಂಕಾಗುತ್ತವೆ. ಹಗಲು ಸಭೆಗೆ 3,000 ಲುಮೆನ್ನಿನ ಒಳ್ಳೆಯ ಪ್ರೊಜೆಕ್ಟರು ಬೇಕು. ಪ್ರತಿ ಸಂಘವೂ ಅದನ್ನು ಕೊಳ್ಳಬೇಕಿಲ್ಲ. ಅಕ್ಕಪಕ್ಕದ ನಾಲ್ಕು ಸಂಘಗಳು ಕೂಡಿ ಒಂದನ್ನು ಇಟ್ಟುಕೊಳ್ಳಬಹುದು ಅಥವಾ ಊರಿನ ಶಾಲೆಯವರನ್ನು ಕೇಳಿಕೊಳ್ಳಬಹುದು. ವಿಷಯದ ಬಗ್ಗೆ ಸಲಹೆ ಬೇಕಾದವರಿಗೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ನಮ್ಮ ಭಾಗದಲ್ಲಿಯೇ ಇದೆ.

ತೋರಿಸುವವರಿಗೆ ಕಿವಿಮಾತು

ಚಿತ್ರ ಹಾಕಿದ ಕೂಡಲೇ ಮಾತನಾಡಬೇಡಿರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದರಾಗ ಏನ ಕಾಣಸ್ತೈತಿ, ಹೇಳ್ರಿ” ಎಂದು ಕೇಳಿರಿ. ಯಾರಾದರೊಬ್ಬರು ಹೇಳುತ್ತಾರೆ. ಹೇಳಿದವರು ಮರೆಯುವುದಿಲ್ಲ, ಕೇಳಿದವರೂ ಮರೆಯುವುದಿಲ್ಲ. ಹನ್ನೆರಡು ಚಿತ್ರಕ್ಕೆ ನಲವತ್ತೈದು ನಿಮಿಷ ಸಾಕು. ಹಾಲು ಕರೆಯುವ ವೇಳೆಯನ್ನು ಎಂದಿಗೂ ಮೀರಬಾರದು. ಮುಗಿಯದಿದ್ದರೆ ಉಳಿದದ್ದು ಮುಂದಿನ ವಾರಕ್ಕಿರಲಿ. ಕಾರ್ಡು ಸಂಘದಲ್ಲಿಯೇ ಇರುತ್ತದೆ, ನಾನು ಬರಲೇಬೇಕೆಂದಿಲ್ಲ. ಔಷಧಿಯ ಹೆಸರು, ಪ್ರಮಾಣ ಕೇಳಿದರೆ ಮಾತ್ರ ನೀವು ಹೇಳಬೇಡಿರಿ, ವೈದ್ಯರಿಗೆ ತಿಳಿಸಿರಿ.

ಪ್ರಾರಂಭದಲ್ಲಿ ಹೇಳಿದ ಆ ಊರಿಗೆ ಮರುವರ್ಷ ಕಾರ್ಡು ತೆಗೆದುಕೊಂಡು ಹೋದೆ. ಮೂರನೆಯ ಚಿತ್ರ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಮೊಲೆ ಕಳೆದುಕೊಂಡ ಆಕಳಿನ ಆ ತಾಯಿ ಎದ್ದು ನಿಂತು, “ಇದ ನೋಡ್ರೆವಾ, ಹಿಂಗ ಬಂದ್ರ ಒಂದ ದಿನಾನೂ ಕಾಯಬ್ಯಾಡ್ರಿ” ಎಂದರು. ಆ ಪಾಠವನ್ನು ಅಂದು ಮಾಡಿದವರು ಅವರೇ. ನಾನು ಮುಂದಿನ ಚಿತ್ರ ಸರಿಸಿದೆ, ಅಷ್ಟೇ. ಈಗ ಆ ಸಂಘದ ಕಾರ್ಯದರ್ಶಿಯವರು ತಾವೇ ಚಿತ್ರ ತೋರಿಸುತ್ತಾರೆ.

ತಮ್ಮ ಸಂಘದಲ್ಲಿಯೂ ಇಂಥ ಸಭೆ ನಡೆಸಬಯಸುವ ಅಧ್ಯಕ್ಷರು, ಕಾರ್ಯದರ್ಶಿಗಳು ಒಂದು ಖಾಲಿ ಕಾರ್ಡಿನೊಂದಿಗೆ ತಮ್ಮ ಭಾಗದ ಶಿಬಿರ ಕಚೇರಿಯ ವಿಸ್ತರಣಾಧಿಕಾರಿಯನ್ನು ಕಂಡು ಮಾತನಾಡಬೇಕು. ಸದಸ್ಯ ಬಾಂಧವರು ಇದರ ಸದುಪಯೋಗ ಪಡೆಯಬೇಕೆಂದು ವಿನಂತಿ.

— ಪಶುವೈದ್ಯ ವಿಸ್ತರಣಾಧಿಕಾರಿ